ಸೀರೆಯ ಮರೆಯಿಂದ ಕೇಳಿದ ಲೆಕ್ಕ

ಹುನಗುಂದ
ತಾ. ೧೪ ಜುಲೈ ೧೯೧೩

ಪ್ರೀತಿಯ ಗೆಳೆಯ ಅಮೀನಸಾಬನಿಗೆ ಈರಪ್ಪನ ಸಲಾಮು.

ನಿನ್ನ ಪತ್ರ ಬಂದು ಒಂದೂವರೆ ತಿಂಗಳಾಯಿತು. ಸಾಲೆಯಲ್ಲಿ ಕೆಲಸ ಹೆಚ್ಚಿತ್ತು ಎಂದು ಬರೆದು ಹೊಡೆದುಹಾಕಿದೆ. ಕೆಲಸವೇನೂ ಇರಲಿಲ್ಲ, ಬರೆಯುವ ಧೈರ್ಯ ಇರಲಿಲ್ಲ. ಧಾರವಾಡದ ತರಬೇತಿ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತ ನೀನು ದಪ್ಪಗಾಗಿದ್ದೀಯಂತೆ. ಮನಸ್ಸಿನ ವಿಚಾರ ಮಾಡುವವರು ಸೊರಗುತ್ತಾರೆ ಎಂದು ನಾನು ತಿಳಿದಿದ್ದೆ.

ನಮ್ಮ ಮಗಳು ಚಂದವ್ವನಿಗೆ ಏಳು ತುಂಬಿದರೂ ಮಾತು ಬಂದಿಲ್ಲ, ಕಿವಿ ಮಾತ್ರ ಚುರುಕು. ಮೂರಕ್ಕೆ ಎರಡು ಕೂಡಿಸು ಎಂದರೆ ಹುಣಸೆ ಬೀಜಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕುತ್ತ ಐದಕ್ಕೆ ಕೈ ನಿಲ್ಲಿಸುತ್ತಿದ್ದಳು. ಓಣಿಯ ಮಂದಿ ನೋಡಲು ಬರುತ್ತಿದ್ದರು. "ಹುಚ್ಚಿ ಅಂತಿದ್ರಲ್ಲ, ಈಗ ನೋಡ್ರಿ" ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ. ಅವಳನ್ನು ಧಾರವಾಡದ ಹೆಣ್ಣುಮಕ್ಕಳ ಸಾಲೆಗೆ ಸೇರಿಸಲು ಮಾತಾಡುತ್ತೇನೆ, ಮೊದಲು ಸರಿಯಾದ ಪರೀಕ್ಷೆ ಮಾಡಿ ವರದಿ ಕಳಿಸು ಎಂದು ನೀನು ಬರೆದೆ. ಉತ್ತರ ಬಲ್ಲವರ ಮುಖ ಮಗುವಿಗೆ ಕಾಣಬಾರದು, ಒಂದೇ ಸಲ ನೋಡಿ ನಂಬಬಾರದು, ಕಂಡದ್ದನ್ನಷ್ಟೇ ಬರೆಯಬೇಕು ಎಂದೂ ತಿಳಿಸಿದ್ದೆ.

ಹಾಗೇ ಮಾಡಿದೆ. ಹೆಂಡತಿ ಮಾಯವ್ವನನ್ನು ನೀರಿಗೆ ಕಳಿಸಿ, ನಡುಮನೆಯಲ್ಲಿ ಅವಳ ಇಳಕಲ್ಲ ಸೀರೆಯನ್ನು ಅಡ್ಡ ಕಟ್ಟಿ, ಅದರ ಹಿಂದೆ ಕೂತು ಕೇಳಿದೆ. ಮುಖ ತೋರಿಸಿ ಕೇಳಿದ ಇಪ್ಪತ್ತು ಲೆಕ್ಕಗಳಲ್ಲಿ ಹದಿನೆಂಟು ಸರಿಯಾಗಿದ್ದವು. ಸೀರೆಯ ಹಿಂದಿನಿಂದ ಕೇಳಿದಾಗ ಒಂದೂ ಇಲ್ಲ. ಬೀಜಗಳು ಟಪಟಪ ಬೀಳುತ್ತಲೇ ಇದ್ದವು. ರಾಶಿ ಮುಗಿಯುವ ತನಕ ಅವಳು ನಿಲ್ಲಿಸಲಿಲ್ಲ. ಸಾಕು ಎನ್ನುವವರು ಯಾರೂ ಅವಳಿಗೆ ಕಾಣುತ್ತಿರಲಿಲ್ಲ.

ಮರುದಿನ ಮಾಯವ್ವನನ್ನು ಎದುರಿಗೆ ಕೂಡಿಸಿ ಕೇಳಿಸಿದೆ. ನಾನು ಮಗುವನ್ನು ಬಿಟ್ಟು ತಾಯಿಯನ್ನೇ ನೋಡಿದೆ. ಲೆಕ್ಕಕ್ಕೆ ಸರಿಯಾದ ಕೊನೆಯ ಬೀಜ ಬಿದ್ದೊಡನೆ ಅವಳು ಹಿಡಿದಿದ್ದ ಉಸಿರು ಬಿಡುತ್ತಿದ್ದಳು, ಅವಳಿಗೇ ಅದರ ಅರಿವಿರಲಿಲ್ಲ. ಆ ಕ್ಷಣಕ್ಕೇ ಬೀಜದ ಸದ್ದು ನಿಲ್ಲುತ್ತಿತ್ತು. ನಾನೂ ಹಾಗೇ ಮಾಡುತ್ತಿದ್ದಿರಬೇಕು. ನಮ್ಮ ಲೆಕ್ಕವನ್ನು ನಾವೇ ಮಾಡಿ, ಮಗಳು ಮಾಡಿದಳೆಂದು ಊರಿಗೆಲ್ಲ ಸಾರಿದ್ದೆವು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಮತ್ತೆ ನಾಲ್ಕು ದಿನ ಸೀರೆ ಕಟ್ಟಿ ಕೇಳಿದೆ, ಫಲ ಅದೇ. ಒಮ್ಮೆ ಚಂದವ್ವ ಎದ್ದು ಬಂದು ಸೆರಗು ಸರಿಸಿ ಇಣುಕಿದಳು. ಪರೀಕ್ಷೆ ಕೆಟ್ಟೀತೆಂದು ನಾನು ಮುಖ ತಿರುಗಿಸಿಕೊಂಡೆ.

ಮಾಯವ್ವನಿಗೆ ಎಲ್ಲ ಹೇಳಿದಾಗ ಅವಳು ಅಳಲಿಲ್ಲ. "ಲೆಕ್ಕ ಬರಲಿಲ್ಲಂದ್ರ ಏನಾತ್ರಿ? ನಮ್ಮ ಉಸಿರು ನೋಡಿ ಮನಸಿನಾಗಿಂದು ತಿಳಕೊಂತಿತ್ತಲ್ಲ ನನ್ನ ಕೂಸು. ನಿಮ್ಮ ಗೆಳ್ಯಾನ ಪುಸ್ತಕದಾಗ ಅದಕ್ಕ ಮಾರ್ಕ ಇಲ್ಲೇನು?" ಎಂದಳು. ಈ ಪ್ರಶ್ನೆಗೆ ಉತ್ತರ ನಿನ್ನಲ್ಲಿದ್ದರೆ ಬರೆ. ವರದಿಯನ್ನು ಇದರೊಂದಿಗೆ ಇಟ್ಟಿದ್ದೇನೆ, ಒಂದು ಅಂಕಿಯನ್ನೂ ತಿದ್ದಿಲ್ಲ. ಸಾಲೆಯವರು ಬೇಡವೆಂದರೆ ನಿನ್ನ ಮೇಲೆ ನನಗೆ ಮುನಿಸಿಲ್ಲ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮ ಮನೆಯ ಮಾತು ಎಂದೂ ಬತ್ತದಿರಲಿ.

ನಿನ್ನ
ಈರಪ್ಪ

ತಾ.ಕ.: ವರದಿಯಲ್ಲಿ ಬರೆಯದ ಒಂದು ಮಾತಿದೆ. ಸೀರೆ ಬಿಚ್ಚಿ ಹದಿನೈದು ದಿನವಾಯಿತು. ಚಂದವ್ವ ತಾಯಿಯ ಮುಖ ನೋಡುತ್ತಾಳೆ, ನನ್ನ ಮುಖ ನೋಡುವುದಿಲ್ಲ. ನಿನ್ನೆ ಸಾಲೆಯಿಂದ ಬಂದು, ಲೆಕ್ಕವೂ ಬೇಡ ಬೀಜವೂ ಬೇಡವೆಂದು ಸುಮ್ಮನೆ ಅವಳೆದುರು ಕೂತೆ. ಅವಳು ಎದ್ದು ಒಳಗೆ ಹೋದಳು. ಆ ಸೀರೆಯನ್ನು ಎಳೆದು ತಂದು ನನ್ನ ಕೈಗೆ ಕೊಟ್ಟಳು.