ನಲವತ್ತು ಮೂಟೆ ಹಿಂಡಿಯ ನಾಲ್ಕೂರು ಸವಾರಿ

ಹಿಂಡಿ ಎಣಿಸುವ ಮಾನ್ಯರೇ,

ಈ ಬೇಸಿಗೆಗೆ ನಮ್ಮೂರಿನ ಎಮ್ಮೆಗಳಿಗೆ ಕಡಲೆಕಾಯಿ ಹಿಂಡಿ ಹಂಚುವ ಅಗತ್ಯವಿಲ್ಲವೆಂದು ತಾವು ಅಪ್ಪಣೆ ಹೊರಡಿಸಿದ್ದೀರಿ. ಕಾರಣವನ್ನೂ ದಯಪಾಲಿಸಿದ್ದೀರಿ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ರೈತ ಸಂಘಗಳ ಉಗ್ರಾಣಗಳಲ್ಲಿ ಹಿಂಡಿಯ ದಾಸ್ತಾನು 1957ರಿಂದ 1962ರೊಳಗೆ ನಾಲ್ಕು ಪಟ್ಟಾಗಿದೆಯಂತೆ. ತಮ್ಮ ಪುಸ್ತಿಕೆಯಲ್ಲಿ ಅದನ್ನು ಗೆರೆ ಎಳೆದು ತೋರಿಸಿದ್ದೀರಿ. ನಂದಿಬೆಟ್ಟದ ಮೆಟ್ಟಿಲೂ ಅಷ್ಟು ಕಡಿದಾಗಿಲ್ಲ. ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ಆಮೇಲೆ ನಮ್ಮ ಸಂಘದ ಉಗ್ರಾಣದ ಬಾಗಿಲು ತೆಗೆದು ನೋಡಿದೆ. ಒಳಗೆ ಒಂದು ತಕ್ಕಡಿ ಇತ್ತು, ಅದರ ಒಂದು ತಟ್ಟೆಯಲ್ಲಿ ಬೆಕ್ಕು ಮಲಗಿತ್ತು. ತಮ್ಮ ನಾಲ್ಕು ಪಟ್ಟಿನಲ್ಲಿ ಬೆಕ್ಕನ್ನೂ ಸೇರಿಸಿದ್ದೀರೋ ಹೇಗೆ?

ತಾವು ಸುಳ್ಳು ಹೇಳಿದ್ದೀರೆಂದು ನಾನು ಹೇಳುತ್ತಿಲ್ಲ. ತಾವು ಎಣಿಸಿದ ಪ್ರತಿಯೊಂದು ಮೂಟೆಯೂ ನಿಜವಾದ ಮೂಟೆಯೇ, ಒಳಗಿದ್ದದ್ದೂ ನಿಜವಾದ ಹಿಂಡಿಯೇ. ಇಂಟರ್‌ಮೀಡಿಯೆಟ್ ಓದುವಾಗ ನಮ್ಮ ಎಕನಾಮಿಕ್ಸ್ ಮೇಷ್ಟರು ‘ಫಿಗರ್ಸ್ ಡು ನಾಟ್ ಲೈ’, ಅಂಕಿಗಳು ಸುಳ್ಳಾಡವು, ಎನ್ನುತ್ತಿದ್ದರು. ಅದರ ಮುಂದೆ ಇನ್ನೂ ಅರ್ಧ ವಾಕ್ಯವಿತ್ತು, ಅದು ನನಗೆ ಮರೆತುಹೋಗಿದೆ. ತಮ್ಮ ಇಲಾಖೆಗೂ ಮರೆತಿರಬೇಕು. ‘ಸಪ್ಲೈ’ ಹೆಚ್ಚಿದರೆ ಇನ್ನೊಂದೇನೋ ಇಳಿಯುತ್ತದೆ ಎಂದೂ ಅವರು ಹೇಳುತ್ತಿದ್ದರು. ಏನು ಇಳಿಯುತ್ತದೆಂಬುದು ಆಗ ನನ್ನ ತಲೆಗೆ ಹತ್ತಲಿಲ್ಲ. ಈಗ ತಿಳಿದಿದೆ, ಇಳಿಯುವುದು ಹಾಲು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. 1957ರಲ್ಲಿ ತಮ್ಮ ಇನ್ಸ್‌ಪೆಕ್ಟರು ಮೊದಲ ಸಲ ಎಣಿಸಲು ಬಂದಾಗ ಗೌರಿಬಿದನೂರಿನ ಕಡೆಯ ಸಂಘದಲ್ಲಿ ಮಾತ್ರ ನಲವತ್ತು ಮೂಟೆ ಇತ್ತು. ಅವೂ ಸಂಘದವಲ್ಲ. ಅಲ್ಲಿನ ಗಾಣದ ಯಜಮಾನರೊಬ್ಬರು ಹೊರಗಿನ ವ್ಯಾಪಾರಿಗೆ ಕಳಿಸುವ ಮುಂಚೆ ಇರಿಸಿದ್ದವು. ಬರಿದಾಗಿದ್ದ ಮಿಕ್ಕ ಮೂರು ಸಂಘಗಳ ಹೆಸರಿನ ಮುಂದೆ ತಮ್ಮವರು ‘ನಿಷ್ಕ್ರಿಯ’ ಎಂದು ಬರೆದು ಹೋದರು. ಆ ಒಂದು ಪದ ನಮ್ಮೂರುಗಳ ಮಾನ ತೆಗೆದಷ್ಟು ಬರಗಾಲವೂ ತೆಗೆದಿರಲಿಲ್ಲ. ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವವರು ಮನೆ ನೋಡಲು ಬಂದರೆ, ಪಕ್ಕದ ಮನೆಯ ರಾಗಿ ಮೂಟೆ ತಂದು ಪಡಸಾಲೆಯಲ್ಲಿ ಪೇರಿಸುವ ಪದ್ಧತಿಯುಂಟು. ಯಾರೂ ಅದನ್ನು ಮೋಸ ಎನ್ನುವುದಿಲ್ಲ, ಮರ್ಯಾದೆ ಎನ್ನುತ್ತೇವೆ. ನನ್ನ ಮದುವೆಯೂ ಹಾಗೆಯೇ ಆಯಿತು. ನನ್ನ ಹೆಂಡತಿ ಶ್ಯಾಮಲಮ್ಮ ತೀರಿಕೊಂಡು ಐದು ವರ್ಷವಾಯಿತು. ಇದ್ದಷ್ಟು ದಿನವೂ ಹಂಗಿಸುತ್ತಿದ್ದಳು: “ನಮ್ಮಪ್ಪ ಮೂಟೆ ನೋಡಿ ಕೊಟ್ಟ. ಮೂರನೇ ದಿನಕ್ಕೆ ಮೂಟೆ ಪಕ್ಕದವರ ಮನೆಗೆ ಹೋಯ್ತು, ನೀವು ಮಾತ್ರ ಉಳಕೊಂಡ್ರಿ.”

ಮಾನ್ಯರೇ, ಅಧಿಕಾರಿಯನ್ನೂ ನಾವು ಬೀಗರಂತೆಯೇ ಕಂಡೆವು. 1958ರಲ್ಲಿ ಅದೇ ಗಾಣದ ಆ ವರ್ಷದ ನಲವತ್ತು ಮೂಟೆ, ಗೌರಿಬಿದನೂರಿನಲ್ಲಿ ಎಣಿಕೆ ಮುಗಿದ ಕೂಡಲೇ ಗಾಡಿ ಹತ್ತಿ ಚಿಕ್ಕಬಳ್ಳಾಪುರದ ಸಂಘಕ್ಕೆ ಬಂತು. ದಾಸ್ತಾನು ಎಂಬತ್ತಾಯಿತು. 1960ರಲ್ಲಿ ಶಿಡ್ಲಘಟ್ಟದ ಕಡೆಯವರು ಕೇಳಿದರು, ಕೊಡದಿರಲಾದೀತೇ? ನೂರಿಪ್ಪತ್ತಾಯಿತು. ಕಳೆದ ವರ್ಷ ಚಿಂತಾಮಣಿ ಕಡೆಯ ನಮ್ಮ ಸರದಿ, ನೂರರವತ್ತಾಯಿತು. ನಾನು ನಮ್ಮ ಸಂಘದ ಕಾರ್ಯದರ್ಶಿ. ‘ಇದು ತಪ್ಪಲ್ಲವೇ?’ ಎಂದು ಒಂದು ಮಾತು ಕೇಳಿದೆ, ಸುಳ್ಳು ಹೇಳಲಾರೆ. ನಮ್ಮ ಅಧ್ಯಕ್ಷ ಮುನಿಗಂಗಪ್ಪನವರು ಎಲೆಯಡಿಕೆ ಉಗಿದು ಬಂದು, “ಕಾಲೇಜು ಮೆಟ್ಟಿಲು ಹತ್ತಿದೋರು ನೀವು, ಇಷ್ಟೂ ತಿಳೀದಾ? ಸಾಹೇಬ್ರು ಬಾಗಿಲಿಗೆ ಬಂದಾಗ ಉಗ್ರಾಣ ಬಣಬಣ ಅಂತಿದ್ರೆ ಊರಿನ ಮಾನ ಏನಾಗ್ತದೆ? ನೀವು ರುಜು ಹಾಕಿ ಸುಮ್ಕಿರಿ, ಮೂಟೆ ನಾನು ನೋಡ್ಕೋತೀನಿ” ಎಂದರು.  ನಾನು ರುಜು ಹಾಕಿದೆ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ತಮ್ಮ ಇನ್ಸ್‌ಪೆಕ್ಟರು ಚಿಕ್ಕ ರೈಲಿನಲ್ಲಿ ಬಂದರು. ಮೂಟೆಗಳೂ ಅದೇ ರೈಲಿನಲ್ಲಿ ಬಂದವು. ಅವರು ಮುಂದಿನ ಡಬ್ಬಿಯಲ್ಲಿ, ಅವರು ಮೂರು ಸಲ ಎಣಿಸಿದ ಹಿಂಡಿ ಹಿಂದಿನ ಡಬ್ಬಿಯಲ್ಲಿ. ಅವರು ಸ್ಟೇಷನ್ ಹತ್ತಿರ ಕಾಫಿ ಕುಡಿದು, ನೆಂಟರೊಬ್ಬರನ್ನು ಮಾತಾಡಿಸಿ ಬರುವಷ್ಟರಲ್ಲಿ ನಮ್ಮ ಗಾಡಿಗಳು ಊರು ಸೇರಿದ್ದವು. ಎಣಿಸಿದ ಮೂಟೆಗೆ ಸೀಮೆಸುಣ್ಣದ ಗೀಟು ಹಾಕುವುದು ತಮ್ಮ ಇಲಾಖೆಯ ಶಿಸ್ತು. ನಮ್ಮ ಉಗ್ರಾಣದಲ್ಲಿ ಅವರು ನೋಡಿದರೆ ಪ್ರತಿ ಮೂಟೆಯ ಮೇಲೂ ಆಗಲೇ ಮೂರು ಗೀಟು. ಗುಟ್ಟು ರಟ್ಟಾಯಿತೆಂದುಕೊಂಡೆ. ಅವರು ಮಾತ್ರ ಸಂತೋಷದಿಂದ ನನ್ನ ಬೆನ್ನು ತಟ್ಟಿದರು: “ನೋಡ್ರೀ, ನಾವು ಬರೋಕೆ ಮುಂಚೆ ನೀವೇ ಮೂರು ಸಲ ತಾಳೆ ನೋಡಿದೀರಿ. ಇಂಥ ಸಂಘ ಜಿಲ್ಲೇಲೇ ಇಲ್ಲ!” ನಾಲ್ಕನೆಯ ಗೀಟನ್ನು ಅವರೇ ಎಳೆದರು. ನಮ್ಮ ಸಂಘಕ್ಕೆ ‘ಮಾದರಿ’ ಎಂಬ ಬಿರುದು ಬಂತು. ಮೂಟೆಗಳು ಮರುದಿನ ಗಾಣದ ಯಜಮಾನರಿಗೆ ವಾಪಸಾಗಿ, ಗೌರಿಬಿದನೂರಿನಿಂದ ದೊಡ್ಡ ರೈಲು ಹತ್ತಿ ನಮ್ಮ ಎಮ್ಮೆಗಳು ಹೆಸರೂ ಕೇಳದ ಊರಿಗೆ ಹೋದವು.

ನಮ್ಮ ಮರ್ಯಾದೆಗೆ ಬೆಲೆ ತೆತ್ತವಳು ಎದುರು ಮನೆಯ ಓಬಳಮ್ಮ. ಅವಳಿಗಿರುವುದು ಒಂದೇ ಎಮ್ಮೆ. ಸಂಕ್ರಾಂತಿಯ ಹಿಂದುಮುಂದು ಕರು ಹಾಕಿದೆ. ಆ ಹಾಲು ಊರಿನ ಎಂಟು ಮನೆಗೆ ಹೋಗುತ್ತದೆ, ಅವಳ ಒಲೆ ಉರಿಯುವುದೂ ಅದರಿಂದಲೇ. ಹೆಂಡತಿ ಹೋದ ಮೇಲೆ ನನ್ನ ಬೆಳಗಿನ ಕಾಫಿಗೂ ಅವಳದೇ ಹಾಲು. ಪ್ರತಿ ಬೇಸಿಗೆ ಸರ್ಕಾರದ ಹಂಚಿಕೆಯಲ್ಲಿ ಬರುತ್ತಿದ್ದ ಹಿಂಡಿ ಈ ಸಲ ನಿಂತಿತು. ಬರೀ ರಾಗಿಹುಲ್ಲು ತಿಂದು ಎಮ್ಮೆ ಹಾಲು ಕರೆಯುವುದು ಈಗ ಅರ್ಧಕ್ಕಿಳಿದಿದೆ. ನಾನು ತಮ್ಮ ಪುಸ್ತಿಕೆಯನ್ನು ಅವಳಿಗೆ ಓದಿ ಹೇಳಿದೆ.

“ಏಮಣ್ಣಾ, ಅದ್ರಾಗೆ ಅಷ್ಟೊಂದು ಹಿಂಡಿ ಐತಾ?”

“ಐತಂತೆ ಕಣಮ್ಮ.”

“ಹಂಗಾದ್ರೆ ಆ ಪುಸ್ತಕಾನೇ ಕೊಡು. ನೆನೆಹಾಕಿ ಎಮ್ಮೆಗೆ ಇಡ್ತೀನಿ.”

ಯುಗಾದಿ ಕಳೆದ ಮೊದಲ ಸಂತೆಗೆ ಎಮ್ಮೆಯನ್ನು ಹೊಡೆದುಕೊಂಡು ಹೋಗುವುದಾಗಿ ನಿಶ್ಚಯಿಸಿದ್ದಾಳೆ. ಆ ಮೂಟೆಗಳಿಗೆ ರುಜು ಹಾಕಿದವನು ನಾನೇ ಎಂದು ಅವಳಿಗೆ ಇನ್ನೂ ಹೇಳಿಲ್ಲ. ಅವಳಿಗೆ ಓದು ಬಾರದು. ಈ ಕಾಗದ ಅಚ್ಚಾಗುವ ಪತ್ರಿಕೆಯನ್ನೂ ನಾನೇ ಓದಿ ಹೇಳಬೇಕು. ಆದ್ದರಿಂದ ತಮಗಿಂತ ಮೊದಲು ಶಿಕ್ಷೆ ನನಗೇ ಆಗಲಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ನನ್ನ ರುಜುವನ್ನು ಹೊಡೆದುಹಾಕಿ, ನನ್ನ ಮೇಲೆ ಯಾವ ಕ್ರಮ ಬೇಕೋ ಜರುಗಿಸಿ. ನಾಲ್ಕು ಕಡೆಗೂ ನಾಲ್ವರನ್ನು ಒಂದೇ ದಿನ, ಒಂದೇ ಹೊತ್ತಿಗೆ ಕಳಿಸಿ ಎಣಿಸಿ. ನಲವತ್ತು ಮೂಟೆ ಎಷ್ಟೇ ಸವಾರಿ ಕಲಿತಿದ್ದರೂ ಏಕಕಾಲಕ್ಕೆ ನಾಲ್ಕೂರಲ್ಲಿ ದರ್ಶನ ಕೊಡಲಾರವು. ಆ ಎಣಿಕೆಗೆ ತಿಂಗಳುಗಳು ಹಿಡಿಯುವುದಾದರೆ ಹಿಡಿಯಲಿ. ಹಂಚಿಕೆಯ ಹಿಂಡಿಯನ್ನು ಮಾತ್ರ ಯುಗಾದಿಗೆ ಮುಂಚೆ ಕಳಿಸಿ. ಇಲ್ಲದಿದ್ದರೆ ಓಬಳಮ್ಮನ ಎಮ್ಮೆ ಹೋಗುತ್ತದೆ, ಅದರ ಹಿಂದೆ ಇನ್ನಷ್ಟು ಹೋಗುತ್ತವೆ. ಆಗ ಉಳಿದ ಎಮ್ಮೆಗಳ ಲೆಕ್ಕದಲ್ಲಿ ತಲೆಗೆ ಇಷ್ಟು ಹಿಂಡಿ ಹೆಚ್ಚಾಯಿತೆಂದು ಬರುವ ವರ್ಷದ ಪುಸ್ತಿಕೆಯಲ್ಲಿ ತಾವು ಬರೆಯುತ್ತೀರಿ. ಅದೊಂದನ್ನು ಮಾತ್ರ ಅಚ್ಚು ಹಾಕಿಸಬೇಡಿ, ಮಾನ್ಯರೇ. ಅವಳಿಗೆ ಅದನ್ನು ಓದಿ ಹೇಳುವ ಧೈರ್ಯ ನನಗಿಲ್ಲ.

ಇಂತಿ, ಊರಿನ ಮಾನ ಉಳಿಸಲು ಹೋಗಿ ಹಾಲು ಕಳೆದ,
ನರಸಿಂಹಪ್ಪ
‘ಮಾದರಿ’ ಸಂಘದ ಕಾರ್ಯದರ್ಶಿ, ಚಿಂತಾಮಣಿ ತಾಲ್ಲೂಕು