ಹನ್ನೆರಡನೆಯ ಅಧ್ಯಾಯದ ಎತ್ತು

ನನ್ನ ಕಲ್ಲಪ್ಪ ಕಾಕಾಗೆ, ಅಣ್ಣನ ಮಗ ಮಾಡುವ ಶರಣು.

ಕೊಣ್ಣೂರಿನಲ್ಲಿ ನಾವೆಲ್ಲ ಕ್ಷೇಮ. ಎರಡೂ ಎತ್ತುಗಳು ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು ಎಂದು ವಾಡಿಕೆಯಂತೆ ಬರೆಯಹೋಗಿ ಕೈ ತಡೆದೆ. ಬದುಕಿದ್ದಾಗ ಒಂದಕ್ಷರ ಬರೆಯದವನು ಈಗ ಬರೆಯುತ್ತೀಯಾ? ನಿನಗೆ ಓದಲೂ ಬರುವುದಿಲ್ಲ. ಅಲ್ಲಿ ಯಾರ ಕೈಯಿಂದಲಾದರೂ ಇದನ್ನು ಓದಿಸಿಕೋ. ನಮ್ಮಪ್ಪನ ಕೈಗೆ ಮಾತ್ರ ಕೊಡಬೇಡ. ಸಾಲಿಗೊಮ್ಮೆ ನಿಲ್ಲಿಸಿ ನನ್ನನ್ನು ಬೈಯುತ್ತಾನೆ, ಪತ್ರ ಮುಗಿಯುವುದೇ ಇಲ್ಲ.

ಹುಕ್ಕೇರಿಯ ಸಂತೆಗೆ ಹೋಗುತ್ತಿದ್ದ ದಾರಿ ನೆನಪಿದೆಯಾ? ನೀನು ಜೋಳದ ಚೀಲ ಹೇರಿಕೊಂಡು ಚಕ್ಕಡಿ ಹೊಡೆಯುತ್ತಿದ್ದೆ. ನಾನು ಚೀಲಗಳ ಮೇಲೆ ಕುಳಿತು ನನ್ನ ಕಾದಂಬರಿಯನ್ನು ನಿನಗೆ ಓದಿ ಹೇಳುತ್ತಿದ್ದೆ. ಊರೂರಿಗೆ ಹೋಗಿ, ಯಾರದಾದರೂ ಕಟ್ಟೆಯ ಮೇಲೆ ನಾಲ್ಕು ಅಧ್ಯಾಯ ಓದಿ, ಮುಂದೆ ಪುಸ್ತಕ ಬಂದಾಗ ಕೊಳ್ಳುವವರ ಹೆಸರು ಬರೆದುಕೊಂಡು ಬರುವುದು ನನ್ನ ತಿರುಗಾಟದ ಉದ್ದೇಶ. ಆದರೆ ಯಾವ ಕಟ್ಟೆಗೂ ಮೊದಲು ಅಧ್ಯಾಯ ನಿನ್ನ ಕಿವಿ ದಾಟಬೇಕಿತ್ತು. ಮರುದಿನ ಬೆಳಗ್ಗೆ ಎತ್ತು ಹೂಡುತ್ತ ನೀನು "ಮುಂದೇನಾತು?" ಎನ್ನುತ್ತಿದ್ದೆ. ಮುಂದಿನದನ್ನು ನಾನಿನ್ನೂ ಬರೆದೇ ಇರುತ್ತಿರಲಿಲ್ಲ. ನಿನ್ನ ಆ ಪ್ರಶ್ನೆಗೆ ಹೆದರಿಯೇ ಅರ್ಧ ಕಾದಂಬರಿ ಬರೆದೆ ಎಂದು ಯಾರ ಮುಂದೆಯೂ ಒಪ್ಪಿಕೊಂಡಿಲ್ಲ. ನಿನ್ನ ಮುಂದೆ ಒಪ್ಪಿಕೊಳ್ಳಲು ಈಗೇನು ನಾಚಿಕೆ?

ಹನ್ನೆರಡನೆಯ ಅಧ್ಯಾಯ ಓದಿದ್ದು ದಾರಿಯ ಬೇವಿನ ಮರದ ಕೆಳಗೆ. ನೀನು ಬುತ್ತಿ ಬಿಚ್ಚಿದ್ದೆ. ಕಥೆಯಲ್ಲಿ ನಮ್ಮ ನಾಯಕ ಚಕ್ಕಡಿಯಲ್ಲಿ ಹುಡುಗಿಯನ್ನು ಕೂರಿಸಿಕೊಂಡು ಹೊಳೆಗೆ ಇಳಿದಿದ್ದಾನೆ, ನಡುಹೊಳೆಯಲ್ಲಿ ನೀರು ಏರುತ್ತಿದೆ, ಎಡಕ್ಕೆ ಹೂಡಿದ ಕೆಂಪು ಎತ್ತು ಕತ್ತು ಹೊರಳಿಸಿ ಆ ಹುಡುಗಿಯ ಮುಖ ನೋಡಿ ಕಣ್ಣೀರು ಸುರಿಸುತ್ತದೆ. ಆ ಎತ್ತನ್ನು ನಮ್ಮ ಕೆಂದ್ಯಾನನ್ನು ನೋಡಿಯೇ ಬರೆದದ್ದು ಎಂದು ನಿನಗೆ ಹೇಳಬೇಕಾಗಿರಲಿಲ್ಲ. ಎತ್ತು ಅಳುವ ಸಾಲನ್ನು ನಾನು ಎರಡೆರಡು ಸಲ ಓದಿದೆ. ನೀನು ಮಾತ್ರ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮೇಯುತ್ತಿದ್ದ ಕೆಂದ್ಯಾನ ಕಡೆ ನೋಡಿದೆ.

"ತಮ್ಮಾ, ಭಾಳ ಛಲೋ ಆಗೇತಿ. ಆದರ ಆ ಎತ್ತು..." ಎಂದೆ ನೀನು.

"ಕಾಕಾ, ಇದು ಕಾದಂಬರಿ ಐತಿ, ಚಕ್ಕಡಿ ಹೊಡ್ಯೂದಲ್ಲ. ನಿನಗ ತಿಳಿಯೂದಿಲ್ಲ, ಸುಮ್ಕಿರು" ಎಂದುಬಿಟ್ಟೆ ನಾನು.

"ಆತು ಬಿಡಪಾ" ಎಂದು ನೀನು ನನ್ನ ರೊಟ್ಟಿಯ ಮೇಲೆ ಇನ್ನಷ್ಟು ಶೇಂಗಾ ಚಟ್ನಿ ಹಾಕಿದೆ. ಸಿಟ್ಟು ಬಂದಿದ್ದರೆ ಬೈಯಬಾರದಿತ್ತೇ ಕಾಕಾ? ಮರುದಿನ ಎತ್ತು ಹೂಡುವಾಗ ನೀನು "ಮುಂದೇನಾತು" ಎನ್ನಲಿಲ್ಲ. ಅದರ ಮರುದಿನವೂ ಎನ್ನಲಿಲ್ಲ. ಮೂರು ವಾರದಲ್ಲಿ ಜ್ವರ ಬಂದು ನೀನು ಹೋದೆ. ಹೊಳೆಯ ನಡುವೆ ನಿಂತ ಚಕ್ಕಡಿ ನಿನ್ನ ಪಾಲಿಗೆ ಹಾಗೆಯೇ ನಿಂತಿತು. ಆ ಎತ್ತಿನ ಬಗ್ಗೆ ನೀನು ಏನು ಹೇಳಲಿದ್ದೆ ಎಂಬುದು ನನ್ನೊಳಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯಂತೆ ಉಳಿದುಕೊಂಡಿತು.

ಮಸಗುಪ್ಪಿಯ ನೀಲವ್ವನನ್ನು ನೀನು ನೋಡಿಲ್ಲ. ಗಂಡ ತೀರಿದ ಮೇಲೆ ನಾಲ್ಕು ಎತ್ತಿನ ಒಕ್ಕಲುತನವನ್ನು ತಾನೇ ನಡೆಸುತ್ತಿರುವ ಹೆಂಗಸು. ಪುಸ್ತಕ ಬೆಳಗಾವಿಯಲ್ಲಿ ಅಚ್ಚಾಗುತ್ತಿತ್ತು. ಬಿಡುಗಡೆಗೆ ಎಂಟು ದಿನ ಉಳಿದಾಗ, ಗೋಕಾವಿಯ ಸಮಾರಂಭಕ್ಕೆ ಮಂದಿಯನ್ನು ಕರೆಯಲೆಂದು ಅವಳ ಕಟ್ಟೆಯ ಮೇಲೆ ಓದಲು ಕುಳಿತೆ. ಅವಳು ಮೊದಲಿನ ಅಧ್ಯಾಯಗಳನ್ನು ಮೂಡಲಗಿಯಲ್ಲಿ ಕೇಳಿದ್ದವಳು. ನಾನು ಹನ್ನೆರಡನೆಯದನ್ನು ತೆಗೆದೆ. ಎತ್ತು ಅಳುವುದಕ್ಕೆ ಇನ್ನೂ ಎರಡು ಸಾಲು ಇತ್ತು, ಅಷ್ಟರಲ್ಲಿ ಅವಳು ಕೈ ಎತ್ತಿದಳು.

"ಸ್ವಲ್ಪ ತಡೀರಿ. ಕೆಂಪೆತ್ತು ಮೂರನೇ ಅಧ್ಯಾಯದಾಗ ಬಲಕ್ಕಿತ್ತಲ್ರಿ. ಈಗ ಎಡಕ್ಕ ಹೆಂಗ ಬಂತು?"

"ಹುಡುಗಿ ಎಡಕ್ಕ ಕುಂತಾಳ್ರಿ. ಎತ್ತು ಆಕಿ ಮಾರಿ ನೋಡಬೇಕಲ್ರಿ" ಎಂದೆ.

"ಹಂಗಾದ್ರ ಹುಡುಗಿನ್ನ ಬಲಕ್ಕ ಕುಂಡ್ರಸ್ರಿ. ಹೇಳಿದ್ರ ಆಕಿ ಸರೀತಾಳ, ಎತ್ತು ಸರಿಯೂದಿಲ್ಲ. ಬಲಕ್ಕ ಪಳಗಿದ ಎತ್ತನ್ನ ಎಡಕ್ಕ ಹೂಡಿ ಹೊಳಿಗಿ ಇಳದ್ರ ಹುಡುಗಿ, ಹುಡುಗ, ಎತ್ತು, ಎಲ್ಲಾ ಮುಳುಗತಾವ್ರಿ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನ್ನ ತಲೆಯೊಳಗೆ ಆಗ ಬೇವಿನ ಮರ ಬಂತು, ನಿಂತ ನಿನ್ನ ಕೈ ಬಂತು, "ಆದರ ಆ ಎತ್ತು" ಬಂತು. ಇಷ್ಟೇ ಹೇಳಲಿದ್ದೆಯಲ್ಲ ಕಾಕಾ ನೀನು? ಇಷ್ಟೇ ಮಾತಿಗೆ ನಾನು...

ನೀಲವ್ವ ಬಿಡಲಿಲ್ಲ. "ನಿಮ್ಮ ಕಾಕಾ ಚಕ್ಕಡಿ ಹೊಡೀತಿದ್ದಾ ಅಂತೀರಿ. ಆಂವ ಹೇಳಲಿಲ್ಲೇನ್ರಿ?" ಎಂದು ಕೇಳಿದಳು.

ಈಗ ಬರೆಯುವುದನ್ನು ಓದುವವರಿಗೆ ಹೇಳು, ಸ್ವಲ್ಪ ಮೆಲ್ಲಗೆ ಓದಲಿ. ಇಪ್ಪತ್ತು ಮಂದಿಯ ಮುಂದೆ ಮಾನ ಉಳಿಸಿಕೊಳ್ಳಲು ನಾನು, "ಕಾಕಾಗ ಗೊತ್ತಾಗಲಿಲ್ರಿ" ಎಂದೆ. ಸತ್ತವನು ಬಂದು ಇಲ್ಲ ಎನ್ನುತ್ತಾನೆಯೇ ಎಂಬ ಧೈರ್ಯ. ಒಂದು ಸಂತೆ ಕಳೆಯುವಷ್ಟರಲ್ಲಿ ಮೂಡಲಗಿಯಿಂದ ಗೋಕಾವಿಯವರೆಗೆ ಒಂದೇ ಸುದ್ದಿ: ಕೊಣ್ಣೂರಿನ ಕಲ್ಲಪ್ಪ ನಲವತ್ತು ವರ್ಷ ಚಕ್ಕಡಿ ಹೊಡೆದನಂತೆ, ಆದರೆ ಎತ್ತಿನ ಎಡಬಲ ತಿಳಿಯುತ್ತಿರಲಿಲ್ಲವಂತೆ. ನನ್ನ ಪುಸ್ತಕವನ್ನು ಯಾರೂ ಬೈಯಲಿಲ್ಲ. ನಿನ್ನ ಹೆಸರು ಹೇಳಿ ನಕ್ಕರು. ನನಗೆ ಅನ್ನ ಸೇರಲಿಲ್ಲ ಎಂದರೆ ನಂಬು.

ಬೆಳಗಾವಿಗೆ ಓಡಿದ ದಿನ ಛಾಪಖಾನೆಯ ಯಜಮಾನರು ಕಟ್ಟಿದ ಗಂಟುಗಳನ್ನು ತೋರಿಸಿದರು. "ಅಚ್ಚಾಗಿ ಹೋಗೇತ್ರಿ. ಲಡಾಯಿ ನಡದೈತಿ, ಕಾಗದ ಎಲ್ಲಿಂದ ತರೂದು? ಒಂದು ಎತ್ತಿನ ಸಲುವಾಗಿ ಇಡೀ ಹಾಳಿ ಮತ್ತ ಹೊಡಿಯಾಕ ಆಕ್ಕೈತೇನ್ರಿ?" ಎಂದರು. ಗಂಟುಗಳನ್ನು ಹೇರಿಕೊಂಡು ರೈಲಿನಲ್ಲಿ ಮರಳುವಾಗ ನನಗೊಂದು ಭಾರಿ ಯುಕ್ತಿ ಹೊಳೆಯಿತು. ಬಿಡುಗಡೆಗೆ ನಾನೇ ಚಕ್ಕಡಿ ಹೊಡೆದುಕೊಂಡು ಹೋಗುವುದು, ಕೆಂದ್ಯಾನನ್ನು ಎಡಕ್ಕೆ ಹೂಡಿಕೊಂಡು ಹೋಗುವುದು. ಅವನು ಎಡಕ್ಕೆ ನಡೆದುಬಿಟ್ಟರೆ ಪುಸ್ತಕದಲ್ಲಿ ತಪ್ಪೇ ಇಲ್ಲ. ತಪ್ಪಿಲ್ಲದ ಮೇಲೆ ನಿನಗೆ ಗೊತ್ತಾಗಲಿಲ್ಲ ಎಂಬ ಮಾತೂ ಇಲ್ಲ. ನಾನು ಬುದ್ಧಿವಂತ ಎಂದು ನೀನೇ ಎಷ್ಟು ಸಲ ಹೇಳಿಲ್ಲ?

ಬಿಡುಗಡೆಯ ಬೆಳಗ್ಗೆ ನನ್ನ ಹೆಂಡತಿ ಗಂಗವ್ವ ಬಾಗಿಲಲ್ಲಿ ನಿಂತು ನೋಡಿದಳು. "ಕಾಕಾ ಹಂಗ ಹೂಡ್ತಿದ್ದಿಲ್ರಿ" ಎಂದಳು. "ನೀ ಒಳಗ ನಡಿ" ಎಂದೆ. ಕೆಂದ್ಯಾ ನೊಗದ ಕೆಳಗೆ ನಿಂತು, ಬಲಕ್ಕೆ ಬಂದ ತನ್ನ ಜೋಡಿ ಎತ್ತು ಹಂಡ್ಯಾನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಊರು ದಾಟುವವರೆಗೆ ಅಡ್ಡಾದಿಡ್ಡಿ ನಡೆದ. ಹೊಲಗಳು ಶುರುವಾದಲ್ಲಿ ಮೊದಲು ಮುಂಗಾಲು ಮಡಿಚಿದ, ಆಮೇಲೆ ಹಿಂಗಾಲು ಮಡಿಚಿದ, ನಡುದಾರಿಯಲ್ಲಿ ಕುಳಿತೇಬಿಟ್ಟ. ನೊಗ ಓರೆಯಾಗಿ ಪುಸ್ತಕದ ಗಂಟುಗಳು ಜಾರಿದವು, ಅವುಗಳ ಜೊತೆಗೆ ನಾನೂ ಜಾರಿದೆ. ಇಸ್ತ್ರಿ ಮಾಡಿದ ಧೋತರ ಮಣ್ಣಿನ ಬಣ್ಣಕ್ಕೆ ಬಂತು. ಬೈದೆ, ಬೇಡಿಕೊಂಡೆ, ನಿನ್ನ ಹಾಗೆ ನಾಲಿಗೆಯಿಂದ ಲೊಚಗುಟ್ಟಿದೆ. ಕೆಂದ್ಯಾ ಮೆಲುಕು ಹಾಕತೊಡಗಿದ.

ಗೋಕಾವಿಗೆ ಹೊರಟ ನಮ್ಮೂರಿನವರೇ ಮೂರು ಚಕ್ಕಡಿ ಹಿಂದಿನಿಂದ ಬಂದರು. ಎಲ್ಲರೂ ನನ್ನ ಬಿಡುಗಡೆಗೇ ಹೊರಟವರು. ಮೊದಲನೆಯವನು ತಡೆದು ನಿಂತು, "ಏನ್ರಿ, ಹನ್ನೆರಡನೇ ಅಧ್ಯಾಯ ನಡಸೀರೇನು?" ಎಂದ. ಎತ್ತು ಅಳುತ್ತಿದೆಯೇ ಎಂದು ಉಳಿದವರು ಇಳಿದು ಬಂದು ನೋಡಿದರು. ಎತ್ತು ಅಳುತ್ತಿರಲಿಲ್ಲ. ಅಳುವ ಹಾಗಿದ್ದವನು ನಾನು. ಕೊನೆಗೆ ನಾನೇ ನೊಗ ಬಿಚ್ಚಿ ಕೆಂದ್ಯಾನನ್ನು ಬಲಕ್ಕೆ ತಂದೆ. ಬಾರಕೋಲು ಎತ್ತುವ ಮೊದಲೇ ಅವನು ನಡೆಯತೊಡಗಿದ.

ಗೋಕಾವಿಯ ಸಾಲೆಯ ಅಂಗಳಕ್ಕೆ ನಾನು ಹೋಗುವಷ್ಟರಲ್ಲಿ ಹೆಡ್ ಮಾಸ್ತರು ಪುಸ್ತಕವಿಲ್ಲದೆಯೇ ಒಂದು ತಾಸು ಪುಸ್ತಕದ ಬಗ್ಗೆ ಮಾತಾಡಿ ಬೆವತಿದ್ದರು. ಮುಂದಿನ ಸಾಲಿನಲ್ಲಿ ನೀಲವ್ವ ಕುಳಿತಿದ್ದಳು. ವಾರವಿಡೀ ಬಾಯಿಪಾಠ ಮಾಡಿದ್ದ ಭಾಷಣ ನನ್ನ ಕಿಸೆಯಲ್ಲಿತ್ತು. ಅದನ್ನು ತೆಗೆಯಲಿಲ್ಲ.

"ನಮ್ಮ ಕಾಕಾಗ ಗೊತ್ತಿತ್ರಿ" ಎಂದೆ. "ಹೇಳಾಕ ಬಾಯಿ ತೆರದಾ. ನಿನಗ ತಿಳಿಯೂದಿಲ್ಲ ಸುಮ್ಕಿರು ಅಂತ ನಾನ ಅಂದೆ. ಮಸಗುಪ್ಪ್ಯಾಗ ಹೇಳಿದ್ದು ಸುಳ್ಳ್ರಿ. ತಿಳೀದಾಂವ ನಾನು."

ನಗುತ್ತಾರೆ ಎಂದು ತಲೆ ತಗ್ಗಿಸಿಕೊಂಡು ನಿಂತಿದ್ದೆ. ಯಾರೂ ನಗಲಿಲ್ಲ ಕಾಕಾ. ನೀಲವ್ವ ಸೆರಗು ಸರಿಮಾಡಿಕೊಂಡು, "ಹಂಗನ್ರಿ ಮತ್ತ. ಬಾಯಿಲೆ ಅಂದ್ರ ಗಾಳಿಗಿ ಹೋಗತೈತಿ. ಪುಸ್ತಕದಾಗ ಹಾಕ್ರಿ" ಎಂದಳು.

ಹಾಕಿದೆ. ಆ ದಿನ ಗಂಟು ಬಿಚ್ಚಲೇ ಇಲ್ಲ. ಮಂದಿ ಹೆಡ್ ಮಾಸ್ತರ ಮನೆಯ ಚಹಾ ಕುಡಿದು ಬರಿಗೈಯಲ್ಲಿ ಹೋದರು. ನಾನೂ ಗಂಗವ್ವನೂ ಒಂಬತ್ತು ದಿನ ಕುಳಿತು ಚೀಟಿ ಬರೆದು, ಗಂಜಿ ಕಾಸಿ, ಪ್ರತಿಯೊಂದು ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದೆವು. ಆಮೇಲೆ ಹುಕ್ಕೇರಿ, ಮೂಡಲಗಿ, ಮಸಗುಪ್ಪಿಗೆ ನಾನೇ ಹೋಗಿ ಕೊಟ್ಟುಬಂದೆ. ಚೀಟಿಯಲ್ಲಿ ಹೀಗಿದೆ: "ಹನ್ನೆರಡನೆಯ ಅಧ್ಯಾಯದಲ್ಲಿ ಕೆಂಪು ಎತ್ತನ್ನು ಎಡಕ್ಕೆ ಹೂಡಿದ್ದು ಬರೆದವನ ತಪ್ಪು. ಅದು ಬಲದ ಎತ್ತು. ಈ ತಪ್ಪನ್ನು ಎಲ್ಲರಿಗಿಂತ ಮೊದಲು ಕಂಡವರು ಕೊಣ್ಣೂರಿನ ಚಕ್ಕಡಿಯ ಕಲ್ಲಪ್ಪನವರು." ನೀಲವ್ವ ಚೀಟಿಯನ್ನು ಓದಿಸಿ ಕೇಳಿದಳು. ಅದರ ಮುಂದಿನ ಪುಟವನ್ನು ಇನ್ನೂ ತಿರುವಿಲ್ಲ ಎಂದು ಕೇಳಿದ್ದೇನೆ.

ನಿನ್ನೆ ಹುಕ್ಕೇರಿಯಿಂದ ಬರುವಾಗ ಆ ಬೇವಿನ ಮರದ ಕೆಳಗೆ ಚಕ್ಕಡಿ ಬಿಟ್ಟೆ. ಬುತ್ತಿ ಬಿಚ್ಚಿದೆ. ಹದಿಮೂರನೆಯ ಅಧ್ಯಾಯ ತೆಗೆದು ಗಟ್ಟಿಯಾಗಿ ಓದಿದೆ. ದಾರಿಹೋಕರು ನೋಡಿಕೊಂಡು ಹೋದರು, ಹೋಗಲಿ. ನಿನಗೆ ಕೇಳಿಸಿತೋ ಇಲ್ಲವೋ ಎಂಬ ಅನುಮಾನಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ನೀನು ಕೇಳದೆ ಹೋದ "ಮುಂದೇನಾತು" ಇನ್ನೂ ನನ್ನ ಮೇಲೆ ಬಾಕಿಯೇ ಇದೆಯಲ್ಲ. ಅವರು ಹೊಳೆ ದಾಟಿದರು, ಕಾಕಾ. ಅಚ್ಚಿನಲ್ಲಿ ಏನೇ ಇರಲಿ, ನಿನಗೆ ಓದುವಾಗ ಹುಡುಗಿ ಬಲಕ್ಕೆ ಸರಿದು ಕುಳಿತಳು. ಕೆಂದ್ಯಾ ಬಲಕ್ಕೇ ಇದ್ದ.