ಸೋಡಿಯಂ ದೀಪದಡಿ ಕೆಂಪು ಕಂಡ ಅಧಿಕಾರಿಗಳಿಗೆ

ಮಾನ್ಯ ವಾಹನ ಪರವಾನಗಿ ಅಧಿಕಾರಿಗಳೇ,

ಕಾಣಲು ಸಾಧ್ಯವೇ ಇಲ್ಲದ ಬಣ್ಣವೊಂದನ್ನು ಸಾಕ್ಷಿಯಾಗಿಟ್ಟುಕೊಂಡು ನೀವು ನನ್ನ ತಂಗಿಯ ಚಾಲನಾ ಪರವಾನಗಿಯನ್ನು ರದ್ದು ಮಾಡಿದ್ದೀರಿ. ಮುಚ್ಚಿದ ಲಕೋಟೆಗಳಿಗೆ ನಿಮ್ಮ ಕಚೇರಿ ಕಿವುಡಾದ್ದರಿಂದ ಊರಿಗೆಲ್ಲ ಕೇಳಿಸುವಂತೆ ಬರೆಯುತ್ತಿದ್ದೇನೆ.

ತಂಗಿ ಶಾಲಾ ಮಕ್ಕಳ ವ್ಯಾನು ಓಡಿಸುತ್ತಿದ್ದಳು. ಕೆಂಪು ವ್ಯಾನು. ರೈಲು ಹಳಿಯ ಕೆಳಗಿನ ಸುರಂಗ ರಸ್ತೆಯಲ್ಲಿ ಒಂದು ಮಧ್ಯಾಹ್ನ ಯಾವುದೋ ವ್ಯಾನು ಸೈಕಲ್ಲಿನವರೊಬ್ಬರಿಗೆ ಗುದ್ದಿ, ನಿಲ್ಲದೆ ಹೋಯಿತು. ಪಾಪ, ಅವರ ಕಾಲು ಮುರಿಯಿತು. ಹೊರಗೆ ಪಂಕ್ಚರ್ ಅಂಗಡಿ ಇಟ್ಟಿರುವವರೊಬ್ಬರು ಆಗ ಸುರಂಗದೊಳಗೆ ನಡೆದು ಬರುತ್ತಿದ್ದರು, ನೋಡಿದರು. ಅವರ ಹೇಳಿಕೆಯಲ್ಲಿ ನಿಮ್ಮ ಸಿಬ್ಬಂದಿ 'ಕೆಂಪು ವ್ಯಾನು' ಎಂದು ಬರೆದುಕೊಂಡರು. ಆ ದಾರಿಯಲ್ಲಿ ದಿನಾ ಓಡಾಡುವ ಕೆಂಪು ವ್ಯಾನು ತಂಗಿಯದೊಂದೇ. ಅಲ್ಲಿಗೆ ತನಿಖೆ ಮುಗಿಯಿತು! ಅವಳ ವ್ಯಾನಿನ ಮೇಲೆ ಒಂದು ಗೀರೂ ಇಲ್ಲದ್ದು ನಿಮಗೆ ಲೆಕ್ಕಕ್ಕೇ ಬರಲಿಲ್ಲ.

ಹಗಲಲ್ಲೂ ಬಿಸಿಲು ತಲುಪದ ಆ ಸುರಂಗದಲ್ಲಿ ಆಗ ಉರಿಯುತ್ತಿದ್ದದ್ದು ಕಡಿಮೆ ಒತ್ತಡದ ಹಳೆಯ ಸೋಡಿಯಂ ದೀಪಗಳು ಮಾತ್ರ. ನಾನು ಭೌತಶಾಸ್ತ್ರ ಕಲಿಸುವವಳು. ನಿಮ್ಮೆದುರು ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ಸೋಡಿಯಂ ಪರಮಾಣುವಿನಲ್ಲಿ ಹನ್ನೊಂದು ಎಲೆಕ್ಟ್ರಾನುಗಳು: ಒಳಗೆ ಎರಡು, ಅದರಾಚೆ ಎಂಟು, ಹೊರಗೆ ಒಂಟಿಯಾಗಿ ಒಂದು. ವಿದ್ಯುತ್ತಿನ ಏಟಿಗೆ ಆ ಒಂಟಿ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಹಾರುತ್ತದೆ. ಮರಳಿ ಇಳಿಯುವಾಗ ಬೆಳಕಿನ ಒಂದು ಪೊಟ್ಟಣವನ್ನು ಬಿಟ್ಟುಕೊಡುತ್ತದೆ. ಎರಡು ಮೆಟ್ಟಿಲುಗಳ ನಡುವೆ ಅದಕ್ಕೆ ನಿಲ್ಲಲು ಜಾಗವಿಲ್ಲ. ಹಾಗಾಗಿ ಪೊಟ್ಟಣದ ಅಳತೆಯೂ ನಿಗದಿ, ಬಣ್ಣವೂ ನಿಗದಿ. ಆ ದೀಪ ಕೊಡುವುದು ಹೆಚ್ಚುಕಡಿಮೆ ಬರೀ ಹಳದಿಯನ್ನೇ. ಬೆಳಕಿನಲ್ಲೇ ಇಲ್ಲದ ಕೆಂಪನ್ನು ವ್ಯಾನು ಎಲ್ಲಿಂದ ತರಬೇಕು, ಸಾಲ ಮಾಡಿ ತರಬೇಕೇ? ಕೆಂಪು, ನೀಲಿ, ಕಪ್ಪು ಎಲ್ಲವೂ ಅಲ್ಲಿ ಮಸಿ ಬಳಿದಂತೆಯೇ ಕಾಣುತ್ತವೆ.

ನೀವು ನಕ್ಕಿರಿ. "ಕೆಂಪು ಅಂದ್ರೆ ಕೆಂಪು ಮೇಡಂ. ಪಾಠ ಎಲ್ಲ ಕ್ಲಾಸಲ್ಲಿ ಇಟ್ಕೊಳ್ಳಿ" ಎಂದಿರಿ. ಎಲೆಕ್ಟ್ರಾನಿಗೂ ಒಂದು ಕಟ್ಟುಪಾಡಿದೆ. ಅಧಿಕಾರಿಯ ನಾಲಿಗೆಗೆ ಬೇಡವೇ?

ಮರುದಿನ ಕೆಂಪು, ನೀಲಿ, ಕಪ್ಪು ಬಟ್ಟೆಯ ತುಂಡುಗಳನ್ನು ಹಿಡಿದು ಸುರಂಗಕ್ಕೆ ಹೋದೆ. ಪಂಕ್ಚರ್ ಅಂಗಡಿಯವರು ಒಂದೊಂದನ್ನೂ ಕಣ್ಣ ಹತ್ತಿರ ತಂದು ನೋಡಿದರು. ಯಾವುದು ಯಾವ ಬಣ್ಣವೆಂದು ತಿಳಿಯದೆ ವಾಪಸು ಕೊಟ್ಟರು. ಆಮೇಲೆ ಮೆಲ್ಲಗೆ, "ಅಕ್ಕಾ, ನಾನು ಕಪ್ಪಗಿತ್ತು ಅಂತಾನೇ ಹೇಳಿದ್ದು. ಕೆಂಪಲ್ವೇನಪ್ಪಾ ಅಂತ ಬರ್ಕೊಳ್ತಿದ್ದವರೇ ಕೇಳಿದ್ರು. ಇರಬಹುದು ಸಾರ್ ಅಂದೆ" ಎಂದರು.

ಇದನ್ನು ಹೇಳಲು ಅವರು ನಿಮ್ಮ ಕಚೇರಿಗೂ ಬಂದರು. ಮಾತು ಬದಲಿಸಿದರೆ ಕೇಸು ಹಾಕುತ್ತೇನೆಂದು ಗದರಿಸಿ ಕಳಿಸಿದಿರಿ. ಸ್ವಲ್ಪ ದಿನಕ್ಕೇ ಸುರಂಗದಲ್ಲಿ ಬಿಳಿ ದೀಪಗಳು ಬಂದವು. ಆಮೇಲೆ ತಾವು ಬಂದಿರಿ! 'ಕೆಂಪು ಬಣ್ಣ ಸ್ಪಷ್ಟವಾಗಿ ಕಾಣುತ್ತದೆ' ಎಂದು ವರದಿ ಬರೆದಿರಿ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಬಗ್ಗೆ ಕೇಳಿದ್ದೆ. ದೀಪ ಬದಲಾದ ಮೇಲೆ ಸ್ಥಳ ಪರಿಶೀಲಿಸಿದವರನ್ನು ಈಗ ಕಂಡೆ.

ಬೀದಿಯ ತಾಯಂದಿರು ತಂಗಿಯನ್ನು ಕಂಡರೆ ಮಕ್ಕಳ ಕೈ ಹಿಡಿದು ಆಚೆ ಬದಿಗೆ ದಾಟುತ್ತಾರೆ. ಮೊನ್ನೆ ಬಟ್ಟೆ ಮಡಿಸುತ್ತಾ ಅವಳು ಕೇಳಿದಳು: "ಅಕ್ಕಾ, ನಿಜ ಹೇಳು. ನಿಂಗೂ ಒಂದ್ಸಲ ಅನುಮಾನ ಬಂದಿತ್ತಾ?" ಇಲ್ಲವೆಂದೆ. ನಂಬಿದಳೋ ಇಲ್ಲವೋ ತಿಳಿಯದು. ಈ ಪ್ರಶ್ನೆಯನ್ನು ನಮ್ಮ ಮನೆಯೊಳಗೆ ತಂದು ಕೂರಿಸಿದವರು ನೀವು.

ನನ್ನ ಬೇಡಿಕೆ ಇಷ್ಟೇ. ಒಂದು ಹಳೆಯ ದೀಪ ಹಚ್ಚಿಸಿ, ಜನರೆದುರು ನಿಂತು, ನಾನು ಕೊಡುವ ಬಟ್ಟೆಗಳಲ್ಲಿ ಕೆಂಪನ್ನು ಆರಿಸಿ ತೋರಿಸಿ. ಆಗದಿದ್ದರೆ ಪರವಾನಗಿ ಹಿಂತಿರುಗಿಸಿ, ಗುದ್ದಿದವನನ್ನು ಹುಡುಕಿ. ಅವನು ಇಂದಿಗೂ ಅದೇ ರಸ್ತೆಯಲ್ಲಿ ವ್ಯಾನು ಓಡಿಸುತ್ತಿರಬಹುದು, ನೀವೇ ಸಹಿ ಹಾಕಿದ ಪರವಾನಗಿಯನ್ನು ಜೇಬಿನಲ್ಲಿಟ್ಟುಕೊಂಡು.

ಇಂತಿ,
ನಿಮ್ಮ ಕಡತದಲ್ಲಿ 'ಆರೋಪಿಯ ಅಕ್ಕ, ಅಧಿಕಪ್ರಸಂಗಿ' ಎಂದು ದಾಖಲಾಗಿರುವವಳು